ಟೆಲಿಫೋನಿಗೆ ಮಾತು ಕಲಿಸಿದ್ದು

ಫೋನಿನಲ್ಲಿ ಯಂತ್ರ 'ನಮಸ್ಕಾರ' ಎಂದರೆ ನಾನೂ ತಿರುಗಿ ನಮಸ್ಕಾರ ಎನ್ನುತ್ತೇನೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡುವಾಗಲೂ ಅಷ್ಟೇ. ಮನೆಯವರು ನಗುತ್ತಾರೆ. ನಗಲಿ. ಅಂಥದೊಂದು ಯಂತ್ರ ಮಾತು ಕಲಿತದ್ದನ್ನು ಪಕ್ಕದಲ್ಲೇ ಕೂತು ನೋಡಿದವನು ನಾನು. ತೊದಲು ನುಡಿಯುವಾಗ ಎತ್ತಿ ಆಡಿಸಿದ ಕೂಸಿನ ಮೇಲೆ ಇರುವಂಥ ಸಲಿಗೆ ಅದರ ಮೇಲೆ ನನಗಿದೆ.

ಕಲಿಸಿದವಳು ತಬಸ್ಸುಮ್. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಎದುರುಮನೆಯ ಹುಡುಗಿ. ಅವಳ ಅಪ್ಪನದು ರೇಡಿಯೋ ರಿಪೇರಿ ಅಂಗಡಿ. ಡಿಪ್ಲೊಮಾ ಮುಗಿಸಿ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲವು ಕಾಲ ದುಡಿದವಳು, ಅದನ್ನು ಬಿಟ್ಟು ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಸಾಫ್ಟ್‌ವೇರ್ ಬರೆಯತೊಡಗಿದಳು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಮೊಬೈಲ್ ಇನ್ನೂ ಶ್ರೀಮಂತರ ಸೊಂಟದಲ್ಲಿತ್ತು. ಉಳಿದವರಿಗೆಲ್ಲ ಎಸ್‌ಟಿಡಿ ಬೂತೇ ಗತಿ.

ಗುಬ್ಬಿಯ ಸಹಕಾರ ಸಂಘವೊಂದರ ಲೆಕ್ಕವನ್ನು ತಬಸ್ಸುಮ್ ಕಂಪ್ಯೂಟರಿಗೆ ಏರಿಸಿಕೊಟ್ಟಿದ್ದಳು. ಕೊಬ್ಬರಿ ಮಾರಿದವರು, ಸಣ್ಣ ಅಂಗಡಿಯವರು ಅದರ ಸದಸ್ಯರು. ಅವರಿಗೆಲ್ಲ ಇದ್ದದ್ದು ಒಂದೇ ಪ್ರಶ್ನೆ: ನನ್ನ ದುಡ್ಡು ಜಮಾ ಆಯ್ತಾ? ಸಂಘದ ಕಾರ್ಯದರ್ಶಿ ರುದ್ರಪ್ಪನವರು ವಿಭೂತಿ ಧರಿಸಿದ ಶಾಂತ ಮನುಷ್ಯ. ಅವರ ದಿನವೆಲ್ಲ ಇದಕ್ಕೆ ಉತ್ತರ ಹೇಳುವುದರಲ್ಲೇ ಕಳೆಯುತ್ತಿತ್ತು. ಫೋನೇ ಉತ್ತರ ಹೇಳಿದರೆ ಹೇಗೆ ಎಂದು ತಬಸ್ಸುಮ್ ಯೋಚಿಸಿದಳು. ಸದಸ್ಯರು ತಮ್ಮ ನಂಬರನ್ನೂ ಗುಟ್ಟಿನ ಅಂಕಿಯನ್ನೂ ಒತ್ತಬೇಕು. ಕಂಪ್ಯೂಟರ್ ಲೆಕ್ಕ ನೋಡಿ ಬಾಯಲ್ಲಿ ಹೇಳಬೇಕು. ಬಾಯಿಗೆ ಭಾಷೆ ಬೇಕಲ್ಲ, ಅದಕ್ಕೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನ ಬಳಿ ಬಂದಳು.

ನಾನು ಒಂದು ಭಾನುವಾರವೆಲ್ಲ ಕೂತು ಬರೆದೆ. 'ಮಾನ್ಯ ಸದಸ್ಯರೇ, ತಮ್ಮ ಖಾತೆಯಲ್ಲಿ ಪ್ರಸ್ತುತ ಲಭ್ಯವಿರುವ ಮೊಬಲಗನ್ನು ಅರಿಯಲಿಚ್ಛಿಸುವಿರಾದರೆ ದಯಮಾಡಿ ಒಂದನೆಯ ಅಂಕಿಯನ್ನು ಅದುಮತಕ್ಕದ್ದು.' ಬರೆದು ಮುಗಿಸಿದಾಗ ಕನ್ನಡಾಂಬೆಗೆ ಒಂದು ಕಿರುಕಾಣಿಕೆ ಸಲ್ಲಿಸಿದಂತೆ ಅನ್ನಿಸಿತ್ತು. ತಬಸ್ಸುಮ್ ಮರ್ಯಾದೆಯಿಂದಲೇ ಓದಿದಳು.

"ಸರ್, ಇದು ಮುಗಿಯೋಷ್ಟ್ರಲ್ಲಿ ಬೂತಲ್ಲಿ ಇನ್ನೊಂದು ರೂಪಾಯಿ ಹಾಕ್ಬೇಕಾಗುತ್ತೆ."

ಕೊನೆಗೆ ಉಳಿದದ್ದು 'ಎಷ್ಟಿದೆ ತಿಳಿಯಲು ಒಂದು ಒತ್ತಿ' ಎಂಬಷ್ಟೇ.

ಆ ಹುಡುಗಿ ಕೆಲಸ ಮಾಡುವ ರೀತಿ ನೋಡಿ ನಾನು ಬೆರಗಾದೆ. ಸಂಘದ ಬೆಂಚಿನ ಮೇಲೆ ವಾರಗಟ್ಟಲೆ ಕೂತು, ಜನ ಏನು ಕೇಳುತ್ತಾರೆ, ಯಾವುದರ ನಂತರ ಯಾವುದನ್ನು ಕೇಳುತ್ತಾರೆ ಎಂಬುದನ್ನು ಸುಮ್ಮನೆ ಕೇಳಿಸಿಕೊಂಡಿದ್ದಳು. "ಮಾತು ಅಂದ್ರೆ ಮರ ಇದ್ದಂಗೆ ಸರ್. ಕೊಂಬೆಗೆ ಹತ್ತಿಸ್ಬಿಟ್ಟು ಏಣಿ ತಗೊಂಡು ಹೋಗ್ಬಾರ್ದು," ಎಂದಳು. ಅದಕ್ಕೇ ಅವಳ ವ್ಯವಸ್ಥೆಯಲ್ಲಿ ಎಲ್ಲಿ ಸಿಕ್ಕಿಕೊಂಡರೂ ಸೊನ್ನೆ ಒತ್ತಿದರೆ ಬುಡಕ್ಕೆ ಇಳಿಯಬಹುದಿತ್ತು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ದಾರಿ ತೋರಿಸುತ್ತಿರಲಿಲ್ಲ. ನಾಲ್ಕನೆಯದು ಕಿವಿಗೆ ಬೀಳುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದಂತೆ. ನನಗಂತೂ ಎರಡನೆಯದಕ್ಕೇ ಮರೆಯುತ್ತದೆ.

ಯೋಚಿಸಿದರೆ ಇಂಥ ಕಟ್ಟುಪಾಡಿನ ಸಂಭಾಷಣೆ ನಮಗೆ ಹೊಸದಲ್ಲ. ದೇವರ ಮುಂದೆ ಕೂತು ಹೂಪ್ರಸಾದ ಕೇಳುವುದಿಲ್ಲವೇ? ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. 'ಈ ಸಂಬಂಧ ಮಾಡಲೋ, ಆ ಸಂಬಂಧ ಮಾಡಲೋ' ಎಂದು ಕೇಳಿದರೆ ಪೂಜಾರಿ ಗದರುತ್ತಾನೆ, ಒಂದೊಂದಾಗಿ ಕೇಳು ಎಂದು. ಸರ್ವಜ್ಞನಾದ ದೇವರಿಗೂ ಪ್ರಶ್ನೆಯನ್ನು ಬಿಡಿಸಿಯೇ ಇಡಬೇಕು. ಪಾಪ, ಕಂಪ್ಯೂಟರಿನ ಪಾಡೇನು?

ನನ್ನಿಂದಲೂ ಒಂದು ಉಪಕಾರವಾಯಿತು. ಯಂತ್ರ ಮೊದಮೊದಲು 'ಎರಡು ಸಾವಿರ, ಮುನ್ನೂರು, ಹದಿನೇಳು' ಎಂದು ಒಂದೊಂದನ್ನೂ ಕಲ್ಲು ಹಾಕಿದಂತೆ ಹೇಳುತ್ತಿತ್ತು. ಎಲ್ಲಿ ಎಡವುತ್ತಿದೆ ಎಂದು ತಬಸ್ಸುಮ್‌ಗೆ ಹೊಳೆಯಲಿಲ್ಲ. ಕನ್ನಡದಲ್ಲಿ ಮಾತು ಅಲ್ಲಿಗೇ ಮುಗಿದರೆ 'ಮುನ್ನೂರು'. ಮುಂದೆ ಇನ್ನೂ ಇದ್ದರೆ 'ಮುನ್ನೂರ'. ಸಾವಿರವೂ ಹಾಗೆಯೇ, ಹಿಂದೆ ಯಾರಾದರೂ ಬರುತ್ತಿದ್ದರೆ 'ಸಾವಿರದ' ಎಂದು ಕೈ ಚಾಚುತ್ತದೆ. ಪ್ರತಿಯೊಂದನ್ನೂ ಎರಡು ಬಗೆಯಲ್ಲಿ ಹೇಳಿಸಿ ಇಡು ಎಂದೆ: ನಿಲ್ಲುವ ನೂರು ಒಂದು, ನಡೆಯುವ ನೂರು ಇನ್ನೊಂದು. ಅವಳು ಆ ಹೆಸರುಗಳನ್ನೇ ಪ್ರೋಗ್ರಾಮಿನೊಳಗೆ ಇಟ್ಟಳು. ವ್ಯಾಕರಣ ಓದಿದ್ದಕ್ಕೆ ಜನ್ಮದಲ್ಲಿ ಮೊದಲ ಸಲ ನನಗೆ ಹೆಮ್ಮೆಯಾದದ್ದು ಅಂದು.

ದನಿ ಕೊಟ್ಟವರು ಕುಣಿಗಲ್ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಹೇಳುತ್ತಿದ್ದ ಲಲಿತಮ್ಮ. ಗದ್ದಲದ ನಡುವೆಯೂ ಮಾತು ಕೇಳಿಸುವಂತೆ ಹೇಳುವುದು ಅವರಿಗೆ ಅಭ್ಯಾಸವಾಗಿತ್ತು. ಆದರೆ 'ಒಂದು ಒತ್ತಿ' ಎಂಬುದನ್ನೂ ಬಸ್ಸು ಹೊರಡುತ್ತಿದೆ ಎಂಬಂತೆ ಹೇಳುತ್ತಿದ್ದರು. ಸಮಾಧಾನಕ್ಕೆ ಇಳಿಸಲು ತಬಸ್ಸುಮ್ ಎರಡು ಸಲ ಟೀ ತರಿಸಬೇಕಾಯಿತು.

ಸಂಘದ ಕಚೇರಿಯಲ್ಲೇ ಕೂರಿಸಿದ ಯಂತ್ರ ಚೆನ್ನಾಗಿಯೇ ನಡೆಯಿತು. ಬೆಳ್ಳಾವಿಯಿಂದ, ಕುಣಿಗಲ್ಲಿನಿಂದ ಜನ ಫೋನ್ ಮಾಡಿ ಲೆಕ್ಕ ಕೇಳಿದರು. ಕೆಲವರು ಲಲಿತಮ್ಮನಿಗೆ ಊಟ ಆಯ್ತಾ ಎಂದು ವಿಚಾರಿಸಿ ಉತ್ತರಕ್ಕಾಗಿ ಕಾದರು.

ಹೀಗಿರುವಾಗ ಬೇರೊಂದು ಊರಿನಲ್ಲಿ ಯಾವುದೋ ಸಂಘ ಬಾಗಿಲು ಮುಚ್ಚಿತೆಂಬ ಸುದ್ದಿ ಬಂತು. ಸುದ್ದಿ ಗುಬ್ಬಿ ತಲುಪುವ ಹೊತ್ತಿಗೆ ಮುಚ್ಚಿದ್ದು ಈ ಸಂಘವೇ ಎಂದಾಗಿತ್ತು. ಬೆಳಗಾಗುತ್ತಲೇ ಬಾಗಿಲ ಮುಂದೆ ಜನ ಸೇರಿದರು. ರುದ್ರಪ್ಪನವರು ತಬಸ್ಸುಮ್‌ಗೆ ಫೋನ್ ಮಾಡಿ ಮಿಷನ್ ನಿಲ್ಲಿಸಮ್ಮ ಎಂದರು. ನಿರ್ದೇಶಕರಲ್ಲಿ ಒಬ್ಬರು ವೈರ್ ಕೀಳಲು ಹೊರಟಿದ್ದರಂತೆ.

"ಕೀಳಬೇಡಿ ಸರ್. ಫೋನ್ ಎತ್ತದೇ ಇದ್ರೆ ಓಡಿಹೋದ್ರು ಅಂತಲೇ ಅರ್ಥ. ಬಂದೆ ಇರಿ," ಎಂದು ಅವಳು ಹೊರಟಳು. ಕಾಲೇಜಿಗೆ ರಜೆ ಇದ್ದುದರಿಂದ ನಾನೂ ಬಸ್ಸು ಹತ್ತಿದೆ.

ಗುಬ್ಬಿಯಲ್ಲಿ ಜನ ಕೂಗಾಡುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. ಒಳಗೆ ತಬಸ್ಸುಮ್ ಬಂದ ಕರೆಗಳನ್ನು ಪರದೆಯ ಮೇಲೆ ನೋಡಿದಳು. ಒಬ್ಬೊಬ್ಬರೂ ಒಂದು ಒತ್ತಿ ತಮ್ಮ ಲೆಕ್ಕ ಕೇಳಿದ್ದರು. ಮತ್ತೆ ಒಂದು. ಮತ್ತೂ ಒಂದು. ಆಮೇಲೆ ಏನನ್ನೂ ಒತ್ತದೆ ಹಾಗೇ ಹಿಡಿದುಕೊಂಡಿದ್ದರು.

"ಎಷ್ಟಿದೆ ಅಂತ ಅಲ್ಲ ಸರ್ ಇವ್ರು ಕೇಳ್ತಿರೋದು. ಕೊಡ್ತೀರಾ ಅಂತ. ಆ ಪ್ರಶ್ನೆಗೆ ನಾನು ನಂಬರೇ ಇಟ್ಟಿಲ್ಲ."

ವೈರ್ ಕೀಳಲು ಹೊರಟಿದ್ದ ನಿರ್ದೇಶಕರು ಈಗ ಹೊಸ ಸಲಹೆ ಕೊಟ್ಟರು. "ಸಂಘ ಭದ್ರವಾಗಿದೆ, ಗಾಳಿಮಾತು ನಂಬಬೇಡಿ ಅಂತ ಹೇಳ್ಸಮ್ಮ."

"ಹಂಗಂದ್ರೆ ಮನೇಲಿ ಕೂತಿರೋರೂ ಎದ್ದು ಬರ್ತಾರೆ," ಎಂದು ತಬಸ್ಸುಮ್ ರುದ್ರಪ್ಪನವರ ಕಡೆ ತಿರುಗಿದಳು. "ನಿಜ ಹೇಳಿ ಸರ್. ಎಲ್ರಿಗೂ ಕೊಡಕ್ಕಾಗುತ್ತಾ? ಸುಳ್ಳು ಹೇಳಿಸೋದಾದ್ರೆ ನನ್ ಕೈಲಾಗಲ್ಲ."

ರುದ್ರಪ್ಪನವರು ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ದುಡ್ಡಿದೆ ಕಣಮ್ಮ. ಆದ್ರೆ ಸಾಲವಾಗಿ ಹೊರಗೈತೆ, ತುಮಕೂರ ಬ್ಯಾಂಕಲ್ಲೈತೆ. ಎಲ್ರೂ ಇವತ್ತೇ ಅಂದ್ರೆ ಆಗಲ್ಲ. ದಿನಕ್ಕಿಷ್ಟು ಅಂದ್ರೆ ಒಬ್ರಿಗೂ ಇಲ್ಲ ಅನ್ನಲ್ಲ."

ಅವಳಿಗೆ ಬೇಕಾದದ್ದು ಅಷ್ಟೇ. ಅಲ್ಲೇ ಕೂತು ತನ್ನ ಮರಕ್ಕೆ ಹೊಸದೊಂದು ಕೊಂಬೆ ಬೆಳೆಸತೊಡಗಿದಳು. ಹಣ ಬೇಕಾದವರು ಮೂರು ಒತ್ತಬೇಕು. ಅವರ ಖಾತೆಯಲ್ಲಿ ಎಷ್ಟಿದೆ, ಸಂಘದ ಕೈಗೆ ಯಾವ ದಿನ ಎಷ್ಟು ಬರುತ್ತದೆ ಎಂಬುದನ್ನು ಕಂಪ್ಯೂಟರ್ ಅಲ್ಲೇ ತಾಳೆ ಹಾಕಿ, ಕೊಡಲು ಸಾಧ್ಯವಿರುವ ದಿನಗಳನ್ನು ಮಾತ್ರ ಹೇಳಬೇಕು. ತುಂಬಿದ ದಿನದ ಹೆಸರನ್ನೇ ಎತ್ತಬಾರದು. ಇಷ್ಟು ಕಾಲ ಲೆಕ್ಕದ ಪಾಡಿಗೆ ಲೆಕ್ಕ, ಮಾತಿನ ಪಾಡಿಗೆ ಮಾತು ಇದ್ದವು. ಅಂದು ಅವೆರಡೂ ಮುಖಕ್ಕೆ ಮುಖ ಕೊಟ್ಟು ಕೂತವು. ದೊಡ್ಡ ಊರುಗಳಲ್ಲಿ ಇಂಥದ್ದಕ್ಕೆ ದೊಡ್ಡ ಹೆಸರಿರಬಹುದು. ನಾನು ಅದು ಹುಟ್ಟಿದ್ದನ್ನು ನೋಡಿದ್ದು ಗುಬ್ಬಿಯ ಒಂದು ಮರದ ಕುರ್ಚಿಯ ಮೇಲೆ.

ಸಾಲುಗಳನ್ನು ನಾನು ಬರೆದುಕೊಟ್ಟೆ, ಈ ಸಲ ಒಂದೂ 'ತಕ್ಕದ್ದು' ಇಲ್ಲದೆ. ದನಿ? ಲಲಿತಮ್ಮ ಕುಣಿಗಲ್ಲಿನಲ್ಲಿ ಡ್ಯೂಟಿಯಲ್ಲಿದ್ದರು. ನಿಲ್ದಾಣದ ಬೂತಿನಿಂದ ಫೋನಿನಲ್ಲೇ ಹೇಳಿದರು. ತಬಸ್ಸುಮ್ ಆ ಲೈನಿನಿಂದಲೇ ರೆಕಾರ್ಡ್ ಮಾಡಿಕೊಂಡಳು. 'ನಿಮ್ಮ ಹಣ ಕೊಡುತ್ತೇವೆ. ಯಾವ ದಿನ ಬರುತ್ತೀರಿ?' ಎಂಬ ಮಾತಿನ ಹಿಂದೆ ಬಸ್ಸೊಂದು ಹಾರ್ನ್ ಹೊಡೆಯಿತು. ಅಳಿಸಲು ಪುರುಸೊತ್ತಿರಲಿಲ್ಲ.

ರುದ್ರಪ್ಪನವರು ಬಾಗಿಲಿಗೆ ಹೋಗಿ, ಫೋನ್ ಮಾಡಿದರೆ ದಿನ ಕೊಡುತ್ತಾರೆ ಎಂದರು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬಾಗಿಲಲ್ಲಿ ನಿಂತಿದ್ದವರು ರಸ್ತೆ ದಾಟಿ, ಎದುರಿನ ಬೂತಿನಿಂದ ಇದೇ ಕಟ್ಟಡಕ್ಕೆ ಫೋನ್ ಮಾಡತೊಡಗಿದರು. ಮುಂದೆ ನಿಂತಿದ್ದ ಇಡ್ಲಿ ಹೋಟೆಲಿನ ಹೊನ್ನಮ್ಮ ಮಾತಾಡಿ ಬಂದು ಹಿಂದಿದ್ದವರಿಗೆ ಹೇಳಿದಳು: "ನಂಗೆ ಬುಧವಾರ ಕೊಟ್ಟವ್ಳೆ ಕಣ್ರೋ. ಮಿಷನ್ ಅಲ್ಲ, ಹೆಂಗಸೇ. ಹಿಂದೆ ಬಸ್ಸು ಕೂಗ್ತಿತ್ತು."

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಗುಂಪಿರಲಿಲ್ಲ. ಬುಧವಾರ ಹೊನ್ನಮ್ಮ ಬಂದಳು. ಬಂದು ನಾಚಿಕೊಂಡು ವಾಪಸು ಹೋಗಲಿಲ್ಲ; ಇದ್ದದ್ದನ್ನೆಲ್ಲ ಪೂರ್ತಿ ತೆಗೆದುಕೊಂಡಳು. ರುದ್ರಪ್ಪನವರು ನಗುತ್ತಲೇ ಕೊಟ್ಟರು. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಯ ನಡುವೆ ನಡೆದುಹೋದದ್ದೇ ಸಂಘಕ್ಕೆ ದೊಡ್ಡ ಜಾಹೀರಾತಾಯಿತು. ಗುರುವಾರದವರಲ್ಲಿ ಅರ್ಧ ಜನ ಬರಲಿಲ್ಲ. ಶುಕ್ರವಾರ ಬಂದವರು, ದಿನವನ್ನು ಮುಂದೆ ಹಾಕಿಸಬಹುದೇ ಎಂದಷ್ಟೇ ಕೇಳಿಹೋದರು. ಸಂಘ ಉಳಿಯಿತು.

ಆ ವಾರದ ಕೊನೆಯಲ್ಲಿ ರುದ್ರಪ್ಪನವರು ನಮ್ಮಿಬ್ಬರಿಗೂ ಕಾಫಿ ಕುಡಿಸಿದರು. ತಬಸ್ಸುಮ್ ತನ್ನ ಯಂತ್ರದಲ್ಲಿ ಇನ್ನೂ ಏನೇನು ತಿದ್ದಬೇಕು ಎಂದು ಹೇಳುತ್ತಿದ್ದಳು. ಅವರು ಬಟ್ಟಲನ್ನೇ ನೋಡುತ್ತಾ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಹೇಳಿದರು:

"ಅವತ್ತು ಸಂಜೆ ಮನೆಗ್ಹೋಗಿ ನಾನೂ ಫೋನ್ ಮಾಡ್ದೆ ಕಣಮ್ಮ. ನನ್ ದುಡ್ಡೂ ಅಲ್ಲೇ ಐತಲ್ಲ, ಮೂರು ಒತ್ತಿದೆ. ಶನಿವಾರ ಬನ್ನಿ ಅಂದ್ಲು ಆಯಮ್ಮ."

"ನೀವೇ ಎಲ್ಲಾ ಲೆಕ್ಕ ಇಟ್ಟಿರೋರು ಸರ್. ನಿಮಗೆ ಗೊತ್ತಿಲ್ವಾ?" ಎಂದಳು ತಬಸ್ಸುಮ್.

"ಗೊತ್ತಿತ್ತು," ಎಂದರು ರುದ್ರಪ್ಪನವರು. "ಆದ್ರೆ ಬೆಳಗ್ಗಿಂದ ಎಲ್ರಿಗೂ ಧೈರ್ಯ ನಾನೇ ಹೇಳ್ತಿದ್ದೆ. ನಂಗೆ ಹೇಳೋರು ಯಾರಿದ್ರು?"