ಮುನಿಕೆಂಪಮ್ಮ ಕಲಿಸಿದ ಕೂಗು

ಮುನಿಕೆಂಪಮ್ಮನನ್ನು ನಾನು ಮೊದಲು ನೋಡಿದ್ದು ಐವತ್ಮೂರನೇ ಇಸವಿಯ ಶ್ರಾವಣದಲ್ಲಿ, ಹೆಬ್ಬಾಳದ ಕೆರೆ ಏರಿಯ ಮೇಲೆ. ನಾನು ಗಂಡನ ಮನೆಗೆ ಬಂದು ಇಪ್ಪತ್ತೆರಡು ದಿನವಾಗಿತ್ತು. ಅತ್ತೆ ನನ್ನ ತಲೆಯ ಮೇಲೆ ದಂಟಿನ ಸೊಪ್ಪಿನ ಮಂಕರಿ ಇಟ್ಟು, ಏರಿಯ ಮೇಲೆ ಜೊತೆಯವರು ಸಿಗುತ್ತಾರೆ, ಅವರ ಹಿಂದೆ ಯಶವಂತಪುರಕ್ಕೆ ಹೋಗಿ ಮಾರಿಕೊಂಡು ಬಾ ಎಂದು ಕಳಿಸಿದ್ದರು. ಅರಳಿಮರದ ಕೆಳಗೆ ಏಳು ಜನ ಹೆಂಗಸರು ನಿಂತಿದ್ದರು. ಅವರಲ್ಲಿ ಎತ್ತರವಾಗಿದ್ದವಳು ನನ್ನ ಹತ್ತಿರ ಬಂದಳು. ಯಾರ ಮಗಳು, ಯಾರ ಮನೆ ಸೊಸೆ ಎಂದು ಕೇಳಲಿಲ್ಲ.

"ಓಲೆ ಚಿನ್ನದ್ದಾ?" ಎಂದಳು.

"ಹೂಂ."

"ಬಿಚ್ಚಿ ಸೊಂಟಕ್ಕೆ ಸಿಗಿಸ್ಕೊ. ತಾಳಿ ಕುಪ್ಪಸದೊಳಕ್ಕೆ ಆಕ್ಕೊ."

ನಾನು ಓಲೆ ಬಿಚ್ಚದೆ ನಿಂತಿದ್ದಕ್ಕೆ ಅವಳು ತನ್ನ ಎಡಗಿವಿಯ ಮೇಲಿನ ಕೂದಲು ಸರಿಸಿ ತೋರಿಸಿದಳು. ಕಿವಿಯ ಹಾಲೆ ಎರಡು ಸೀಳಾಗಿತ್ತು. ಐದು ವರ್ಷದ ಹಿಂದೆ, ಗೆದ್ದಲಹಳ್ಳಿಯ ಸರ್ವೆ ಮರಗಳ ತೋಪಿನಲ್ಲಿ, ಹಾಡುಹಗಲಲ್ಲೇ ಒಬ್ಬ ಓಲೆಗೆ ಕೈ ಹಾಕಿ ಕಿತ್ತಿದ್ದನಂತೆ.

"ಕಳ್ಳ ಕಳ್ಳ ಅಂತ ಬಾಯಿ ಬಡ್ಕೊಂಡೆ. ಪಕ್ಕದ ಒಲದಲ್ಲಿ ಆರು ಜನ ಗಂಡಸ್ರಿದ್ರು. ಒಬ್ನೂ ತಲೆ ಎತ್ತಲಿಲ್ಲ. ಯಾರ ಮನೆ ಕಳ್ಳನೋ, ನಮಗ್ಯಾಕೆ ಅಂತಾರೆ. ಎಸ್ರು ಇಡ್ದು ಕೂಗ್ಬೇಕು. ಎಸ್ರು ಕೂಗಿದ್ರೆ ಗಂಡ್ಸು ತಿರುಗಲೇಬೇಕು."

"ಯಾರ ಎಸ್ರು ಕೂಗೋದಕ್ಕಾ?"

"ನನ್ನ ಮಗನ್ದು. ಮುನಿಯಣ್ಣಾ, ದೊಣ್ಣೆ ತಗೊಂಬಾ ಅಂತ."

ಪಕ್ಕದಲ್ಲಿದ್ದ ದೊಡ್ಡಮುನಿಯಮ್ಮ ನಕ್ಕಳು. "ಅವನಿಗಿನ್ನೂ ಅನ್ನೆರಡು ವರ್ಸ. ಮೂಗಲ್ಲಿ ಸಿಂಬಳ ಸುರೀತದೆ. ಅವನ ದೊಣ್ಣೆ ನೋಡಿ ಕಳ್ಳ ಓಡ್ತಾನಾ?"

"ಕಳ್ಳನಿಗೆ ಸಿಂಬಳ ಕಾಣ್ತದೇನೇ? ಎಸ್ರು ಕೇಳ್ತದೆ ಅಷ್ಟೆ."

ಆ ದಿನ ಅವಳು ಕಲಿಸಿದ್ದು ಇನ್ನೂ ಎರಡು. ಗಟ್ಟಿಯಾದವಳು ಕೊನೆಯಲ್ಲಿ ನಡೆಯಬೇಕು. ಯಾರಾದರೂ ಮೇಲೆ ಬಿದ್ದರೆ ಮೊದಲು ಮಂಕರಿ ಬಿಸಾಡಬೇಕು, ಸೊಪ್ಪಿನ ಆಸೆ ನೋಡಬಾರದು. ಏಳು ವರ್ಷ ನಾವು ಹಾಗೇ ನಡೆದೆವು. ಒಂದು ಸಲ ತೋಪಿನಲ್ಲಿ ಇಬ್ಬರು ಎದ್ದು ದಾರಿಗೆ ಅಡ್ಡ ನಿಂತರು. ಎಂಟು ಜನ ಒಟ್ಟಿಗೆ ಮುನಿಯಣ್ಣಾ ಎಂದೆವು. ಓಡಿದರು. ಮುನಿಯಣ್ಣ ಆಗ ಎಲ್ಲೋ ಎಮ್ಮೆ ಮೇಯಿಸುತ್ತಿದ್ದ.

ಮಗನ ಹೆಸರೇ ಏಕೆ ಎನ್ನುವುದು ನನಗೆ ಆಮೇಲೆ ತಿಳಿಯಿತು. ಕಿವಿ ಹರಿದ ದಿನ ಯಾರೂ ಬಾರದಿದ್ದಾಗ ಅವಳು ಕೊನೆಗೆ ತನ್ನ ಗಂಡನ ಹೆಸರು ಹಿಡಿದು ಕೂಗಿದ್ದಳು. ಆತ ಎರಡು ಹೊಲದಾಚೆಯಿಂದ ಓಡಿ ಬಂದಿದ್ದ, ಇಲ್ಲದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಮುಂದಿನ ವರ್ಷ ಆತ ಜ್ವರದಲ್ಲಿ ತೀರಿಕೊಂಡ. ಗಂಡನ ಹೆಸರು ಬಾಯಲ್ಲಿ ಆಡಿದ್ದಕ್ಕೆ ಅವನ ಆಯುಸ್ಸು ಹೋಯಿತು ಎಂದು ಊರವರು ಮಾತಾಡಿದರು. ಅವಳು ಅದನ್ನು ನಂಬಿದಳು.

ಅರವತ್ತನೇ ಇಸವಿಯಲ್ಲಿ ಮುನಿಯಣ್ಣನಿಗೆ ಮದುವೆಯಾಯಿತು. ಸೊಸೆ ಸೊಣ್ಣಮ್ಮ ಜಕ್ಕೂರಿನವಳು. ಹದಿನೇಳು ವರ್ಷ, ನಗು ಜಾಸ್ತಿ. ಅವಳೂ ನಮ್ಮ ಸಾಲಿಗೆ ಸೇರಿದಳು. ತೋಪು ಬಂದಾಗ ನಾವು ಸುಮ್ಮನೆ ಒಂದು ಸಲ ಕೂಗಿ ನೋಡುತ್ತಿದ್ದೆವು, ಗಂಟಲು ಸರಿಯಾಗಿರಲಿ ಎಂದು. ಸೊಣ್ಣಮ್ಮ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

"ನಿನ್ನ ಗಂಡನ್ನ ನಾವೆಲ್ಲ ಕರೀತೀವಿ, ನೀನೊಬ್ಳೆ ಕರಿಯಲ್ವಲ್ಲೇ" ಎಂದು ದೊಡ್ಡಮುನಿಯಮ್ಮ ರೇಗಿಸುತ್ತಿದ್ದಳು.

"ನೀವ್ ಕರುದ್ರೆ ಅವ್ರು ಬರಲ್ಲ ಬಿಡ್ರಕ್ಕಾ."

"ಅಂಗಾರೆ ನೀನೇ ಕರಿ, ನೋಡನ."

ಒಂದು ದಿನ ನಗುನಗುತ್ತಾ ಅವಳೂ ನಮ್ಮ ಜೊತೆ ಕೂಗಿಬಿಟ್ಟಳು. ಮುನಿಕೆಂಪಕ್ಕ ಮುಂದೆ ನಡೆಯುತ್ತಿದ್ದವಳು ನಿಂತಳು, ಹಿಂದಕ್ಕೆ ಬಂದಳು, ಸೊಸೆಯ ತೋಳು ಹಿಡಿದು ಚಿವುಟಿದಳು. "ಒಬ್ರನ್ನ ಕಳ್ಕೊಂಡಿದೀನಿ. ನನ್ನ ಮಗನ್ನೂ ಕಳ್ಕೋಬೇಕಾ?" ಎಂದಳು. ಸೊಣ್ಣಮ್ಮ ಆಮೇಲೆ ಎಂದೂ ಕೂಗಲಿಲ್ಲ. ಬೇರೆ ಹೆಸರು ಕೂಗೋಣ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಹೆಸರು ನಾಲಗೆಗೆ ಒಗ್ಗಿಹೋಗಿತ್ತು.

ಅರವತ್ತೆರಡು. ಜೋಳದ ತೆನೆಗೆ ಗಿಳಿ ಬೀಳುವ ಕಾಲ. ಮುನಿಯಣ್ಣ ತೋಪಿನ ಪಕ್ಕದ ಹೊಲದಲ್ಲಿ ಅಟ್ಟಣೆ ಕಟ್ಟಿ ಹಕ್ಕಿ ಕಾಯುತ್ತಿದ್ದ. ಅಂದು ಮಾರ್ಕೆಟ್ಟಿನ ದಿನವಲ್ಲ. ಮಧ್ಯಾಹ್ನ ಮುನಿಕೆಂಪಕ್ಕ ಸೊಸೆಯ ಕೈಗೆ ಬುತ್ತಿ ಕೊಟ್ಟು ಕಳಿಸಿದಳು. ಜೊತೆಗೆ ಯಾರನ್ನೂ ಕಳಿಸಲಿಲ್ಲ. ಜೊತೆ ಬೇಕಾದದ್ದು ದೂರದ ದಾರಿಗೆ. ಸ್ವಂತ ಹೊಲಕ್ಕೆ ಹೋಗಲು ಯಾರಾದರೂ ಎಂಟು ಜನ ಹೊರಡುತ್ತಾರೆಯೇ? ಸೊಣ್ಣಮ್ಮ ಓಲೆಯನ್ನೂ ಬಿಚ್ಚಿರಲಿಲ್ಲ.

ತೋಪಿನಲ್ಲಿ ಇಬ್ಬರು ಹಿಡಿದರು. ಅವಳು ಬುತ್ತಿ ಬಿಸಾಡಿದಳು. ಓಲೆ ಕೊಟ್ಟಳು. ತಾಳಿಗೆ ಕೈ ಹಾಕಿದಾಗ ಬಿಡಲಿಲ್ಲ, ಕೂಗಿದಳು. ಗಂಡ ಕೂಗಳತೆಯಲ್ಲೇ ಇದ್ದ. ಅವನಿಗೆ ಕೂಗು ಕೇಳಿಸಿತು. ಸುತ್ತಲಿನ ಹೊಲಗಳಲ್ಲಿ ಅಂಥ ಕೂಗು ಬೆಳಗಿನಿಂದ ನಡೆದೇ ಇತ್ತು, ಎಲ್ಲರೂ ಹಕ್ಕಿ ಓಡಿಸುವವರೇ. ಆಚೆಯವರು ಕೂಗಿದರೆ ಈಚೆಯವರೂ ಕೂಗುವುದು ರೂಢಿ. ಅವನು ಅಟ್ಟಣೆಯ ಮೇಲೆ ನಿಂತು, ಕವಣೆ ಬೀಸಿ, ಹೋಯ್ ಎಂದು ತಾನೂ ಕೂಗಿದ. ಎರಡು ಸಲ ಕೂಗಿದ.

ಬುತ್ತಿ ಬರಲಿಲ್ಲವಲ್ಲ ಎಂದು ಇಳಿದು ಬಂದವನಿಗೆ ಅವಳು ಸಿಕ್ಕಿದಳು. ತಲೆಗೆ ಕಲ್ಲಿನ ಏಟು ಬಿದ್ದಿತ್ತು. ಮೂರು ದಿನ ಇದ್ದಳು. ಎರಡನೆಯ ದಿನ ಅವಳಿಗೆ ಪ್ರಜ್ಞೆ ಬಂದಾಗ ನಾನು ಕಾಲ ಬಳಿ ಕೂತಿದ್ದೆ.

"ಕೂಗ್ಲಿಲ್ವೇನೇ ಮಗಾ?" ಎಂದು ಮುನಿಕೆಂಪಕ್ಕ ಕೇಳಿದಳು.

"ಕೂಗ್ದೆ ಅತ್ತೆ."

"ಏನಂತ?"

"ಓ ಅಂತ. ಬನ್ರೀ ಅಂತ." ಮತ್ತೆ, "ಅವ್ರು ಓ ಅಂದ್ರು. ಬತ್ತಾರೆ ಅನ್ಕೊಂಡೆ" ಎಂದಳು.

ಮುನಿಕೆಂಪಕ್ಕ ಸೊಸೆಯ ತೋಳಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಹನ್ನೊಂದು ದಿನದ ಕಾರ್ಯ ಮುಗಿದ ಮೇಲೆ ಅವಳು ಮತ್ತೆ ಅರಳಿಮರದಡಿಗೆ ಬಂದಳು. ಮಂಕರಿ ತಂದಿರಲಿಲ್ಲ. "ಇವತ್ತಿಂದ ಒಬ್ಬೊಬ್ರೂ ನಿಮ್ಮ ನಿಮ್ಮ ಗಂಡಂದ್ರ ಎಸ್ರು ಕೂಗಿ. ಇಲ್ಲೇ. ನನ್ನ ಮುಂದೆ" ಎಂದಳು. ಯಾರೂ ಬಾಯಿ ಬಿಡಲಿಲ್ಲ. ಅವಳು ದಿನವೂ ಬಂದಳು. ಹೊಸದಾಗಿ ಬಂದ ಸೊಸೆಯರ ಕೈ ಹಿಡಿದುಕೊಂಡು ಕೇಳುತ್ತಿದ್ದಳು, ಬೇಡುತ್ತಿದ್ದಳು. ಹುಡುಗಿಯರು ಅಳುತ್ತಿದ್ದರು. ಒಂದು ಬೆಳಿಗ್ಗೆ ಆ ಸೊಸೆಯರಲ್ಲಿ ಒಬ್ಬಳ ಗಂಡ ಚಿಕ್ಕಮುನಿಯಪ್ಪ ಏರಿಯ ಮೇಲೆ ಬಂದು ನಿಂತ.

"ನಿನ್ನ ಗಂಡನ್ನ ನುಂಗ್ಕೊಂಡೆ, ಸಾಲ್ದಾ? ಈಗ ನನ್ನ ಎಂಡ್ತಿ ಬಾಯಲ್ಲಿ ನನ್ನೆಸ್ರು ಏಳಿಸ್ತೀಯಾ?"

"ಏಳಿಸ್ತೀನಿ ಕಣಪ್ಪಾ. ನೀನು ನಾಲ್ಕು ದಿನ ಕಮ್ಮಿ ಬದುಕಿದ್ರೂ ಚಿಂತಿಲ್ಲ, ಅವಳು ಮನೆಗೆ ಬರ್ಲಿ."

ಆ ಮಾತಿಗೆ ಊರು ಅವಳನ್ನು ದೂರ ಮಾಡಿತು. ನಾವೂ ಅರಳಿಮರ ಬಿಟ್ಟು ಏರಿಯ ಆ ಕೊನೆಯಲ್ಲಿ ಸೇರತೊಡಗಿದೆವು. ದೊಡ್ಡಮುನಿಯಮ್ಮ ಮೊದಲು ಹೋದಳು. ನಾನೂ ಹೋದೆ. ಅವಳು ಮರದ ಕೆಳಗೆ ನಿಂತಿರುವುದು ದೂರದಿಂದ ಕಾಣುತ್ತಿತ್ತು. ನಾವು ಹೊರಟ ಮೇಲೆ ಮನೆಗೆ ಹೋಗುತ್ತಿದ್ದಳು. ಮುನಿಯಣ್ಣ ಮತ್ತೆ ಮದುವೆಯಾಗಲಿಲ್ಲ. ಆ ಹೊಲಕ್ಕೆ ಜೋಳ ಹಾಕಲಿಲ್ಲ, ಹುರುಳಿ ಚೆಲ್ಲುತ್ತಿದ್ದ.

ಅರವತ್ತಾರರ ಮಾಘದಲ್ಲಿ ಅವಳು ಹಾಸಿಗೆ ಹಿಡಿದಳೆಂದು ತಿಳಿದು ನಾನು ಒಂದು ಚೆಂಬು ರಾಗಿ ಗಂಜಿ ತೆಗೆದುಕೊಂಡು ಹೋದೆ. ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಮುನಿಯಣ್ಣ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದ. ಮುನಿಕೆಂಪಕ್ಕ ನಾಲ್ಕು ಚಮಚ ಗಂಜಿ ಕುಡಿದು ಸಾಕು ಎಂದಳು. ನನ್ನ ಮಗಳಿಗೆ ಎಷ್ಟು ವರ್ಷ ಎಂದು ಕೇಳಿದಳು. ಹನ್ನೊಂದು ಎಂದೆ. ದಾರಿ ನಡೆಯುತ್ತಾಳಾ ಎಂದಳು. ನಡೆಯುತ್ತಾಳೆ, ನನ್ನ ಜೊತೆ ಮಂಕರಿ ಹೊರುತ್ತಾಳೆ ಎಂದೆ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಕೈಯಲ್ಲಿ ಬಲವಿರಲಿಲ್ಲ.

"ಲಕ್ಕಮ್ಮ, ಆ ಮಗು ಕೇಳಿಸ್ಕೊಂಡು ಕಲೀಬೇಕು ಅಂದ್ರೆ ನೀನು ಬಾಯಿ ಬಿಡ್ಬೇಕಲ್ವಾ? ಒಂದೇ ಒಂದ್ಸಲ, ಮುನಿಯಣ್ಣಂಗೆ ಕೇಳೋವಷ್ಟು ಜೋರಾಗಿ, ನಿನ್ನ ಗಂಡನ ಎಸ್ರು ಕೂಗ್ತೀಯಾ?"