ಸಂಘದವರು ಕೊಟ್ಟ ಮೇಣದಬತ್ತಿ

ವಿಶ್ವವಿದ್ಯಾಲಯದ ಆ ಪ್ರೊಫೆಸರಮ್ಮನ ನೆನಪಾದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ. ನಮ್ಮ ಸಂಘದ ಕಾರ್ಯದರ್ಶಿಯ ಮೇಲೂ ಸಿಟ್ಟಿದೆ, ಆದರೆ ಅವರ ಸರದಿ ಎರಡನೆಯದು.

ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ನನ್ನ ತಂಗಿಯ ಗಂಡ ಹೋದ. ಗುರುತು ಹಿಡಿಯಲು ತಂಗಿಯನ್ನೇ ಕರೆಸಿದ್ದರು. ಅಂದಿನಿಂದ ಆಕೆ ಮಿಯಾಪುರದ ನಮ್ಮ ಮನೆಯಲ್ಲೇ ಇದ್ದಾಳೆ. ಕಡ್ಡಿ ಗೀರಿದ ಸದ್ದು ಕೇಳಿದರೆ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಗ್ಯಾಸ್ ಒಲೆ ಅಟ್ಟಕ್ಕೇರಿತು, ಕರೆಂಟಿನ ಒಲೆ ಬಂತು. ದೇವರ ಮುಂದೆಯೂ ದೀಪದ ಆಕಾರದ ಚಿಕ್ಕ ಬಲ್ಬು. ಅದಕ್ಕೆ ನಮ್ಮತ್ತೆ ಮೊದಮೊದಲು ಮುಖ ಊದಿಸಿದರು, ಆಮೇಲೆ ತಾವೇ ಸಂಜೆ ಸ್ವಿಚ್ ಹಾಕಿ ಕೈಮುಗಿಯತೊಡಗಿದರು. ತಂಗಿ ಹೊಸ್ತಿಲು ದಾಟಬೇಕು, ನಾಲ್ಕು ಜನರ ನಡುವೆ ಕೂರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಕಾಚಿಗೂಡದ ನಮ್ಮ ಕನ್ನಡ ಸಂಘವೂ ವಿಶ್ವವಿದ್ಯಾಲಯವೊಂದೂ ಕೂಡಿ ಇಂಥ ಪೆಟ್ಟು ತಿಂದ ಮನೆಗಳಿಗಾಗಿ ಏನೋ ಮಾಡುತ್ತಿವೆ ಎಂದು ಕಾರ್ಯದರ್ಶಿ ಫೋನ್ ಮಾಡಿದರು. "ಆಘಾತದ ಅರಿವಿರುವ ಸಮುದಾಯ" ಕಟ್ಟುತ್ತಾರಂತೆ. ಪ್ರೊಫೆಸರಮ್ಮ ಮನೆಗೇ ಬಂದರು. ಮೈಸೂರು ಕಡೆಯ ಮೆತ್ತಗಿನ ಮಾತು. ಯಾರ ಹತ್ತಿರವೂ ಬಾಯಿ ಬಿಡದ ತಂಗಿ ಅವರ ಮುಂದೆ ಬಿಟ್ಟಳು: ಕಡ್ಡಿಯದು, ಒಲೆಯದು, ಬಚ್ಚಲಿನದು, ಎಲ್ಲ. ಹೇಳಿ ಮುಗಿಸುವವರೆಗೂ ನನ್ನ ಕೈ ಬಿಡಲಿಲ್ಲ. "ನಿಮ್ಮ ಸುರಕ್ಷತೆಯೇ ನಮಗೆ ಮೊದಲು" ಅಂದರು ಅವರು. ನಂಬಿದೆವು.

"ಅಕ್ಕಾ, ಅವರ ಕಾರ್ಯಕ್ರಮಕ್ಕ ನಾನೂ ಬರ್ತೀನಿ" ಅಂದಳು ತಂಗಿ. ಇಳಕಲ್ ಸೀರೆ ಉಟ್ಟು ನನ್ನ ಜೊತೆ ಮೆಟ್ರೊ ಹತ್ತಿದಳು. ನನಗೆ ಹಬ್ಬ.

ನಮ್ಮ ಸಂಘದವರಿಗೆ ದೀಪ ಹಚ್ಚದೆ, ಶಾಲು ಹೊದಿಸದೆ ಬಾಯಿಂದ ಮಾತೇ ಹೊರಡುವುದಿಲ್ಲ. ಸಂತಾಪ ಸಭೆಯಾದರೂ ಅಷ್ಟೇ. ಕಾರ್ಯದರ್ಶಿ ಮೈಕ್ ಹಿಡಿದರು. "ಗಂಡನ್ನ ಕಳಕೊಂಡ ಹೆಣ್ಮಗಳ ಕೈಲೆ ದೀಪ ಹಚ್ಚಸಾಕತ್ತೀವಿ. ಇಂಥಾದ್ದು ಬ್ಯಾರೆ ಯಾವ ಸಂಘದಾಗೂ ಆಗಿಲ್ರಿ!" ಚಪ್ಪಾಳೆ. ವೇದಿಕೆಯ ಮೇಲಿದ್ದ ಪ್ರೊಫೆಸರಮ್ಮನೂ ತಟ್ಟಿದರು. ಯಾರೋ ತಂಗಿಯನ್ನು ಮೇಲೆ ಹತ್ತಿಸಿ, ಉರಿಯುವ ಮೇಣದಬತ್ತಿಯನ್ನು ಕೈಗೆ ತುರುಕಿದರು. ಆಕೆ ಕಲ್ಲಾದಳು. ಮೇಣ ಬೆರಳ ಮೇಲೆ ಇಳಿಯುತ್ತಿತ್ತು. ಫೋಟೊದವನು "ಮೇಡಂ, ಇಧರ್ ದೇಖಿಯೆ" ಅನ್ನುತ್ತಿದ್ದ. ನಾನು ಕುರ್ಚಿಗಳನ್ನು ತಳ್ಳಿಕೊಂಡು ಹೋಗಿ, ಬತ್ತಿ ಕಿತ್ತುಕೊಂಡು ಊದಿ ಆರಿಸಿದೆ.

"ಅಯ್ಯ, ಬಾಯಿಲೆ ಆರಿಸಿದ್ರಲ್ರೀ! ಅಪಶಕುನ!" ಅಂದಿತು ಮುಂದಿನ ಸಾಲು. ತಂಗಿಯ ಮುಖ ಒಬ್ಬರಿಗೂ ಕಂಡಿರಲಿಲ್ಲ, ನಾನು ಊದಿದ್ದು ಮಾತ್ರ ಎಲ್ಲರಿಗೂ ಕಂಡಿತ್ತು. ಎಲ್ಲರೂ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳೋಣ ಎಂದು ಪ್ರೊಫೆಸರಮ್ಮ ಮೈಕಿನಲ್ಲಿ ಹೇಳಿದರು. ಆ ಮೈಕಿನಿಂದಲೇ ಬಾರಿಸಬೇಕು ಅನ್ನಿಸಿತು.

ಮರುವಾರ ಅವರು ಹಣ್ಣಿನ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಾನು ಒಳಗೆ ಕರೆಯಲಿಲ್ಲ. ತಂಗಿಯೇ ಎದ್ದು ಬಂದಳು.

"ನಾ ಹೇಳಿದ್ದು ಸಂಘದವರಿಗೆ ನೀವು ಹೇಳಿದ್ದಿಲ್ಲೇನ್ರಿ?"

"ಅದು ಗೋಪ್ಯ ಅಲ್ವಾ ಅಮ್ಮ. ನಿಮ್ಮ ವಿಷಯ ನಾವು ಯಾರಿಗೂ ಹೇಳೋ ಹಾಗಿಲ್ಲ. ಅದು ನಮ್ಮ ನಿಯಮ."

"ಹಂಗಾರ ನನ್ನ ಕಡಿಂದ ಯಾಕ ಹೇಳಿಸಿಕೊಂಡ್ರಿ?"

ಬುಟ್ಟಿ ಈ ಕೈಯಿಂದ ಆ ಕೈಗೆ ಹೋಯಿತು. "ಕಾರ್ಯಕ್ರಮದ ಪದ್ಧತಿ ಸಂಘದ್ದು, ನಾವು ಅಡ್ಡ ಬರಬಾರದು..." ಅನ್ನುತ್ತಿದ್ದಂತೆ ನಾನು ಬಾಗಿಲು ಹಾಕಿದೆ. ಸಂಘದವರನ್ನು ಕೇಳಿದರೆ, "ಯುನಿವರ್ಸಿಟಿಯವರು ನಮಗೇನೂ ಹೇಳಿದ್ದಿಲ್ರಿ." ಇದಕ್ಕೆ ಸಹಭಾಗಿತ್ವ ಅಂತ ಹೆಸರು.

ಆ ಸಂಜೆ ಅತ್ತೆ ದೇವರ ಮುಂದಿನ ಸ್ವಿಚ್ ಹಾಕಿದರು. ತಂಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಅಕ್ಕಾ, ಅದನ್ನೂ ಆರಸು" ಅಂದಳು.

ಆರಿಸಿದೆ.