ಮೊಮ್ಮಗಳು ಕಟ್ಟಿದ ಪಾರಂಪರಿಕ ಹಾಡು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಯಾರೇ ಕೂತರೂ ಇಳಿಯುವುದರೊಳಗೆ ಅವರಿಗೆ ಒಂದು ಸಂಗತಿ ಗೊತ್ತಾಗಿರುತ್ತದೆ: ನನ್ನ ಮೊಮ್ಮಗಳು ಭಾಗ್ಯ ಶಾಸ್ತ್ರೀಯ ರಾಗಗಳಲ್ಲಿ ಹೊಸ ಹಾಡು ಕಟ್ಟುತ್ತಾಳೆ. ಅವರು ಕೇಳಿರುವುದಿಲ್ಲ, ನಾನು ಬಿಡುವುದಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಇಂಥ ಮೊಮ್ಮಗಳು ಸಿಕ್ಕರೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ, ನೀವೇ ಹೇಳಿ.

"ಹಾಡತಾಳೇನ್ರಿ?" ಎನ್ನುತ್ತಾರೆ ಎಲ್ಲರೂ. ಹಾಡುವವರು ಗೊತ್ತು. ಕಟ್ಟಿದವರೆಂದರೆ ಮಾತ್ರ, ನಮ್ಮ ಕಡೆ, ಸಮಾಧಿಯಾಗಿ ಬಹಳ ಕಾಲವಾಗಿರಬೇಕು. ಜೋಳ ವರ್ಷವರ್ಷವೂ ಹೊಸದು ಬೇಕು, ಹಾಡು ಹಳೆಯದೇ ಆಗಬೇಕು. ನಾನೇನು ಕಡಿಮೆಯೇ? ಭಾಗ್ಯ ಒಂದೇ ಸಾಲನ್ನು ವಾರಗಟ್ಟಲೆ ತಿರುವಿ ತಿರುವಿ ಹಾಡುತ್ತಿದ್ದಾಗ, ಪಾಪ, ಮುಂದಿನ ಸಾಲು ಮರೆತಿದ್ದಾಳೆ ಅಂದುಕೊಂಡಿದ್ದೆ. ಅದು ಇನ್ನೂ ಹುಟ್ಟೇ ಇರಲಿಲ್ಲ!

ಆ ಹಾಡು ಪೂರ್ತಿಯಾದ ಮೇಲೆ ಹುಮನಾಬಾದಿನ ಕೇಬಲ್ ಚಾನೆಲ್ಲಿನವರು ಬಂದು ಅವಳಿಂದ ಹಾಡಿಸಿಕೊಂಡು ಹೋದರು. ಟಿವಿಯಲ್ಲಿ ಕೆಳಗೆ ಅಕ್ಷರ ಬಂತು: 'ಪಾರಂಪರಿಕ ಹಾಡು. ಹಾಡಿದವರು ಭಾಗ್ಯ.' ಅವಳು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಹೋದಳು. ಹೆತ್ತವಳ ಮುಂದೆಯೇ ಕೂಸಿಗೆ ಬೇರೆ ತಾಯಿಯ ಹೆಸರು ಬರೆದ ಹಾಗೆ. ಮರುದಿನವೇ ನಾನು ಆ ಚಾನೆಲ್ಲಿನ ವರದಿಗಾರನ ಎದುರು ಹೋಗಿ ಕೂತೆ.

"ಆಯಿ, ಹೊಸಾದು ಅಂದ್ರ ಮಂದಿ ಚಾನೆಲ್ ಬದಲಿ ಮಾಡತಾರ್ರಿ. ಹಳೇದು ಅಂದ್ರ ಕೈ ಮುಗದು ಕುಂದರತಾರ. ನಿಮ್ಮ ಮೊಮ್ಮಗಳ ಸಲುವಾಗೇ ಹಂಗ ಹಾಕೀನಿ," ಎಂದು ಚಹಾ ಕುಡಿಸಿದ.

ಬೈಯಲು ಹೋದವಳು ಚಹಾ ಕುಡಿದು ಬಂದೆ. ಅವನ ಮಾತು ಸುಳ್ಳಾಗಲೂ ಇಲ್ಲ. ಊರೆಲ್ಲ ಕೇಳಿತು. ನಮ್ಮ ಓಣಿಯ ಭಜನಾ ಮಂಡಳಿಯಂತೂ ಹಾಡನ್ನು ಕಲಿತೇಬಿಟ್ಟಿತು.

ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ಶಿವಣ್ಣ ಅದನ್ನೇ ಎತ್ತಿಕೊಂಡರು. ಎರಡನೇ ಸಾಲಿನ ತಿರುವಿಗೆ ಬಂದಾಗ ಭಾಗ್ಯ ತಡೆಯಲಾರದೆ, "ಕಾಕಾ, ಅಲ್ಲಿ ನಿಷಾದ ಸ್ವರ ಕೋಮಲ ಅದ್ರಿ," ಎಂದಳು.

ಪೇಟಿ ನಿಂತಿತು. "ಹಿರಿಯಾರು ಕಟ್ಟಿದ್ದದು. ನೀ ತಿದ್ದಾಕ ಹೋಗಬ್ಯಾಡ ತಂಗಿ. ಟಿವ್ಯಾಗ ಬಂದ ಕೂಡ್ಲೆ ಅಷ್ಟು ದೊಡ್ಡಾಕಿ ಆದೇನು?"

ಹುಡುಗಿ ತಲೆ ತಗ್ಗಿಸಿದಳು. ನನ್ನ ಕೈಯ ತಾಳ ಕೆಳಗೆ ಬಿತ್ತು.

"ಶಿವಣ್ಣ, ಆ ಹಿರಿಯಾಕೀನ ನಾನೇ ಎಣ್ಣಿ ಹಚ್ಚಿ ಎರದೀನಿ! ಕಟ್ಟಿದಾಕಿ ಇಕೀನೇ!"

ಎಲ್ಲರೂ ತಿರುಗಿ ನೋಡಿದರು. ಹಿಂದಿನ ಸಾಲಿನಿಂದ ನೀಲಮ್ಮ, "ಖರೇನೇನ? ನಾ ದಿನಾ ಇದಕ್ಕ ಕೈ ಮುಗಿಯಾಕತ್ತೀನಲ್ಲ, ಯವ್ವಾ!" ಎಂದಳು.

ನಗು ಇಳಿದ ಮೇಲೂ ಶಿವಣ್ಣ ಭಾಗ್ಯಳನ್ನೇ ನೋಡುತ್ತಿದ್ದರು. ಆಮೇಲೆ ಪೇಟಿಯನ್ನು ಅವಳತ್ತ ಸರಿಸಿದರು. "ಹಂಗಾರ ಆ ಜಾಗಾ ಹ್ಯಾಂಗ ಅಂತ ಜರಾ ತೋರಸವ್ವ. ಮುಂದಿನ ನುಡಿದಾಗೂ ನಮಗ ಒಂದೆರಡು ಸಂಶಯ ಅದಾವ."

ಇಷ್ಟು ವರ್ಷ ಭಜನೆಗೆ ಕೂತವಳು ನಾನು. ಹಾಡು ಕಟ್ಟಿದವರನ್ನೇ ಎದುರಿಗೆ ಕೂರಿಸಿಕೊಂಡು ಸಂಶಯ ಕೇಳುವುದನ್ನು ಕಂಡದ್ದು ಅದೇ ಮೊದಲು. ಬದುಕಿರುವವರಿಂದ ಇದೊಂದು ಅನುಕೂಲ ಇದೆ ನೋಡಿ. ಕೇಳಿದರೆ ಹೇಳುತ್ತಾರೆ.